ಅಪ್ಪನ ರಿಫಂಡ್, ಬೆಂಗಳೂರಿನ ಸಿಪಿಸಿ ಮತ್ತು ಹೆಸರಿನ ಮುಂದಿನ ಎರಡು ಇನಿಷಿಯಲ್

ಅಪ್ಪ ತೀರಿಕೊಂಡಿದ್ದು 2023ರ ನವೆಂಬರ್‌ನಲ್ಲಿ. ಅವರಿಗೆ ಬರಬೇಕಿದ್ದ ಆದಾಯ ತೆರಿಗೆ ರಿಫಂಡ್ ಬಂದಿದ್ದು ಮುಂದಿನ ವರ್ಷದ ದೀಪಾವಳಿ ಕಳೆದ ಮೇಲೆ. ದೊಡ್ಡ ಮೊತ್ತವೇನಲ್ಲ, ಹದಿನೈದು ಸಾವಿರದೊಳಗಿನದ್ದು. "ಅಷ್ಟಕ್ಕೆ ಯಾಕೆ ಇಷ್ಟು ಒದ್ದಾಟ, ಬಿಟ್ಟುಬಿಡೇ" ಅಂತ ಮನೆಯಲ್ಲೇ ಹೇಳಿದರು. ನಾನು ಬಿಡಲಿಲ್ಲ. ಒಂದು ಕಾರಣ ಹಠ. ಇನ್ನೊಂದು, ತೀರಿಹೋದವರ ಆ ವರ್ಷದ ಲೆಕ್ಕವನ್ನು ವಾರಸುದಾರರು ಒಪ್ಪಿಸಬೇಕು ಅಂತ ಕಾನೂನೇ ಹೇಳುತ್ತದೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಸೆಕ್ಷನ್ ಇದರದ್ದೇ, ಮುಂದೆ ಬರುವ ಸೆಕ್ಷನ್ ನಂಬರುಗಳೂ ಆ ಕಾಯ್ದೆಯವೇ. ಬಾಕಿ ತೆರಿಗೆ ಇದ್ದರೆ ಅದನ್ನೂ ಕಟ್ಟಬೇಕು, ಆದರೆ ಅವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ ಮಾತ್ರ. ನಮ್ಮ ಕೈಯಿಂದ ಹಾಕಬೇಕಾಗಿಲ್ಲ.

ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಪೆನ್ಶನ್ ಇತ್ತು, ಒಂದಿಷ್ಟು ಎಫ್‌ಡಿ ಇತ್ತು. ತೆರಿಗೆ ಕಟ್ಟುವಷ್ಟು ಆದಾಯ ಇರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹೋಗಿ, ನನಗೆ ತೆರಿಗೆ ಬರುವುದಿಲ್ಲ ಅಂತ ಹಿರಿಯ ನಾಗರಿಕರು ಬರೆದುಕೊಡುವ 15ಎಚ್ ಫಾರಂ ಕೊಟ್ಟು ಬರುತ್ತಿದ್ದರು, ಬ್ಯಾಂಕಿನವರು ಟಿಡಿಎಸ್ (ಬಡ್ಡಿ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಿರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ಫಾರಂ ಹೋಗಲಿಲ್ಲ, ಬಡ್ಡಿಯ ಮೇಲೆ ಶೇಕಡಾ 10ರಷ್ಟು ಹಿಡಿದರು. ರಿಟರ್ನ್ ಹಾಕಿ ವಾಪಸ್ ಪಡೆಯಬೇಕಿದ್ದ ದುಡ್ಡು ಇದೇ. ಆಗ ಹಿರಿಯ ನಾಗರಿಕರಿಗೆ ವರ್ಷಕ್ಕೆ 50 ಸಾವಿರ ಬಡ್ಡಿ ದಾಟಿದರೆ ಟಿಡಿಎಸ್ ಇತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 1 ಲಕ್ಷ ಆಗಿದೆ. ಹಾಗಾಗಿ ಇನ್ನು ಮುಂದೆ ತುಂಬಾ ಮನೆಗಳಲ್ಲಿ ಈ ತಾಪತ್ರಯ ಹುಟ್ಟುವುದೇ ಇಲ್ಲ. ಆದರೂ ಮಿತಿ ದಾಟುವವರು ಮನೆಯಲ್ಲಿದ್ದರೆ ಏಪ್ರಿಲ್‌ನಲ್ಲಿ ಈ ಬಗೆಯ ಫಾರಂ ನೆನಪಿಸಿ.

ಮೊದಲು ನಾನು ಹೋಗಿದ್ದು ಜಿಲ್ಲಾ ಕೇಂದ್ರದ ಆದಾಯ ತೆರಿಗೆ ಕಚೇರಿಗೆ. ಅಪ್ಪನ ಜೊತೆ ಚಿಕ್ಕವಳಿದ್ದಾಗ ಹೋದ ನೆನಪಿತ್ತು. 'ಸರಳ್' ಅನ್ನುವ ಫಾರಂ ಇದ್ದ ಕಾಲ. ಜುಲೈ ಕೊನೆಯಲ್ಲಿ ಉದ್ದ ಸಾಲು, ಮೇಜಿನ ಹಿಂದೆ ಕೂತ ಗುಮಾಸ್ತರು, ಧಡ್ ಅಂತ ಬೀಳುವ ಸೀಲು. ಅರ್ಧ ಜನ ಅಪ್ಪನಿಗೆ "ನಮಸ್ಕಾರ ಮೇಷ್ಟ್ರೇ" ಅನ್ನುತ್ತಿದ್ದರು. ಈಗ ಕಚೇರಿ ತಣ್ಣಗಿತ್ತು. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. "ಮೇಡಂ, ರಿಟರ್ನ್ ಇಲ್ಲಿಗೆ ಬರಲ್ಲ. ಎಲ್ಲ ಬೆಂಗಳೂರು ಸಿಪಿಸಿಗೆ ಹೋಗುತ್ತೆ. ನೀವು ಮೊದಲು ಇಲಾಖೆಯ ಪೋರ್ಟಲ್‌ನಲ್ಲಿ ಲೀಗಲ್ ಹೇರ್, ಅಂದ್ರೆ ವಾರಸುದಾರರು ಅಂತ ರಿಜಿಸ್ಟರ್ ಆಗಿ" ಅಂದರು.

ಸಿಪಿಸಿ ಅಂದರೆ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್. 2009ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ಕಡೆ ಶುರುವಾಯಿತು. ಆಗ ಅದಕ್ಕೆ ಒಪ್ಪಿಸಿದ ಕೆಲಸ, ಇಡೀ ದೇಶದ ಆನ್‌ಲೈನ್ ರಿಟರ್ನ್‌ಗಳು ಮತ್ತು ಕರ್ನಾಟಕ, ಗೋವಾದ ಕಾಗದದ ರಿಟರ್ನ್‌ಗಳು. ಅಂದರೆ ಊರೂರಿನ ಕಚೇರಿಯಿಂದ ಕಾಗದ ಎದ್ದು ಬೆಂಗಳೂರಿಗೆ ಹೊರಟಿದ್ದು ಮೊದಲು ನಮ್ಮ ರಾಜ್ಯದಿಂದಲೇ. ಆಮೇಲೆ ಕಾಗದವೇ ಕಡಿಮೆಯಾಯಿತು. ಈಗ ಕಾಗದದಲ್ಲಿ ರಿಟರ್ನ್ ಕೊಡುವ ಅವಕಾಶ ಉಳಿದಿರುವುದು 80 ದಾಟಿದವರಿಗೆ, ಅದೂ ಐಟಿಆರ್-1 ಮತ್ತು 4 ಅನ್ನುವ ಫಾರಂಗಳಿಗೆ. ಟಿಡಿಎಸ್ ಲೆಕ್ಕ ನೋಡುವ ಸಿಪಿಸಿ ಬೇರೆ, ಅದು ಗಾಜಿಯಾಬಾದಿನ ವೈಶಾಲಿಯಲ್ಲಿದೆ. 2024ರ ಜುಲೈ 31ರೊಳಗೆ ದೇಶದಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳು 7.28 ಕೋಟಿ. ಅಪ್ಪನದೂ ಅದರಲ್ಲಿ ಒಂದು.

ನಾನಿರುವುದು ಬೆಂಗಳೂರಿನಲ್ಲಿ. ಹಾಗಾಗಿ ಸಂಬಂಧಿಕರೆಲ್ಲರದೂ ಒಂದೇ ಮಾತು: "ನಿಮ್ಮೂರಲ್ಲೇ ಇದೆಯಲ್ಲ, ಹೋಗಿ ಒಂದು ಮಾತು ಕೇಳಬಾರದಾ?" ಯಾರನ್ನು ಕೇಳುವುದು? ಸಿಪಿಸಿಯಲ್ಲಿ ಜನರಿಗೆ ಅಂತ ಕೌಂಟರ್ ಇಲ್ಲ. ಯಾವ ಊರಿನ ರಿಟರ್ನ್ ಅಂತ ನೋಡದೆ, ಯಾರ ಮುಖವನ್ನೂ ನೋಡದೆ ಕೆಲಸ ಮಾಡಲೆಂದೇ ಅದನ್ನು ಕಟ್ಟಿದ್ದು. ರಿಟರ್ನ್ ಹಾಕಿದ ಮೇಲೆ ಓಟಿಪಿಯಲ್ಲಿ ದೃಢೀಕರಿಸಲು ಆಗದಿದ್ದರೆ ಐಟಿಆರ್-ವಿ ಅನ್ನುವ ದೃಢೀಕರಣದ ಹಾಳೆಗೆ ಸಹಿ ಮಾಡಿ ಕಳಿಸಬೇಕು. ಸಿಪಿಸಿಯ ಪಕ್ಕದ ಬೀದಿಯಲ್ಲಿ ಇದ್ದವರೂ ಅದನ್ನು ಅಂಚೆಗೆ ಹಾಕಬೇಕು, ಪಿನ್ 560500. ಮೊದಲು ಇದಕ್ಕೆ 120 ದಿನ ಕೊಡುತ್ತಿದ್ದರು, 2022ರ ಆಗಸ್ಟ್‌ನಿಂದ ಬರೀ 30 ದಿನ.

ಇಷ್ಟು ತಿಳಿದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತೆ. ದಾರಿ ಹೀಗಿದೆ. ನಮ್ಮದೇ ಪ್ಯಾನ್‌ನಲ್ಲಿ ಲಾಗಿನ್ ಆಗಬೇಕು. 'ಆಥರೈಸ್ಡ್ ಪಾರ್ಟ್‌ನರ್ಸ್' ಕೆಳಗೆ ರೆಪ್ರೆಸೆಂಟೆಟಿವ್ ಆಗಿ ರಿಜಿಸ್ಟರ್ ಆಗುವ ಆಯ್ಕೆ ಇದೆ, ಅಲ್ಲಿ 'ಡಿಸೀಸ್ಡ್' ಅನ್ನುವುದನ್ನು ಆರಿಸಬೇಕು. ತೀರಿಕೊಂಡವರ ಪ್ಯಾನ್, ಮರಣ ಪ್ರಮಾಣಪತ್ರ, ನಾವು ವಾರಸುದಾರರು ಅನ್ನುವುದಕ್ಕೆ ಪುರಾವೆ, ಇವನ್ನು ಅಪ್‌ಲೋಡ್ ಮಾಡಬೇಕು. ಒಂದೊಂದು ಫೈಲೂ 5 ಎಂಬಿ ಒಳಗಿರಬೇಕು. ಮುಂದೆ ಯಾರಾದರೂ ತಕರಾರು ತೆಗೆದರೆ ಹೊಣೆ ನಮ್ಮದು ಅಂತ ಬರೆದುಕೊಡುವ ಇಂಡೆಮ್ನಿಟಿ ಬಾಂಡ್ ಬೇಕಿದ್ದರೆ ಹಾಕಬಹುದು, ಕಡ್ಡಾಯವಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವಾರಸು ಪುರಾವೆ ಅಂದ ತಕ್ಷಣ ಜನ ಕೋರ್ಟಿಗೆ ಓಡುತ್ತಾರೆ. ನಮ್ಮೂರಿನ ಒಬ್ಬರು ಲಾಯರು "ಸಕ್ಸೆಶನ್ ಸರ್ಟಿಫಿಕೇಟ್ ಇಲ್ಲದೆ ಏನೂ ಆಗಲ್ಲ" ಅಂತ ನನಗೂ ಹೇಳಿದ್ದರು. ಬೇಕಾಗಿಲ್ಲ. ಕಂದಾಯ ಇಲಾಖೆ ಕೊಡುವ ವಾರಸುದಾರರ ಪತ್ರ ಅಥವಾ ಬದುಕುಳಿದ ಕುಟುಂಬ ಸದಸ್ಯರ ಪತ್ರ ಸಾಕು. ನೋಂದಾಯಿತ ವಿಲ್ ಸಾಕು. ಸರ್ಕಾರದ ಕುಟುಂಬ ಪಿಂಚಣಿ ಪತ್ರವೂ ನಡೆಯುತ್ತದೆ. ಬ್ಯಾಂಕಿನವರು ಲೆಟರ್‌ಹೆಡ್‌ನಲ್ಲಿ ನಾಮಿನಿ ಅಥವಾ ಜಂಟಿ ಖಾತೆದಾರರು ಯಾರು ಅಂತ ಬರೆದು, ಸೀಲು ಸಹಿ ಹಾಕಿ ಕೊಟ್ಟರೆ ಅದೂ ನಡೆಯುತ್ತದೆ. ಅಮ್ಮನಿಗೆ ಪ್ಯಾನ್ ಇದ್ದಿದ್ದರೆ ಅವರ ಹೆಸರಲ್ಲೇ, ಪಿಂಚಣಿ ಕಾಗದ ಇಟ್ಟು ಸುಲಭವಾಗಿ ಮುಗಿಯುತ್ತಿತ್ತು. ಅವರಿಗೆ ಪ್ಯಾನ್ ಇರಲಿಲ್ಲ. ಹಾಗಾಗಿ ಅರ್ಜಿ ನನ್ನ ಹೆಸರಲ್ಲಿ, ಅದಕ್ಕೆ ನನ್ನ ಹೆಸರಿರುವ ಕಾಗದ ಬೇಕಾಯಿತು.

ಹೋಬಳಿಯ ನಾಡಕಚೇರಿಗೆ ಹೋದೆ. ಅರ್ಜಿಯ ಜೊತೆ ಆಧಾರ್, ರೇಷನ್ ಕಾರ್ಡ್, ಮರಣ ಪತ್ರ, ಒಂದು ಅಫಿಡವಿಟ್. ಕೌಂಟರಿನಲ್ಲಿದ್ದವರು ಮೊದಲು ಕೇಳಿದ್ದು, "ಗಂಡು ಮಕ್ಕಳಿಲ್ವಾ ಮೇಡಂ?" ಇದ್ದಾನೆ, ತಮ್ಮ ಅಮೆರಿಕದಲ್ಲಿದ್ದಾನೆ ಅಂದೆ. "ಹಾಗಾದ್ರೆ ಅವರದೂ ಒಂದು ಒಪ್ಪಿಗೆ ಇದ್ರೆ ಒಳ್ಳೇದಿತ್ತು" ಅಂದರು. ಹೆಸರು ಎಲ್ಲರದೂ ಬರುತ್ತದೆ, ಅರ್ಜಿ ಯಾರು ಕೊಟ್ಟರೂ ಆಗುತ್ತದೆ ಅಂತ ಸ್ವಲ್ಪ ವಾದ ಮಾಡಬೇಕಾಯಿತು. ಆಮೇಲೆ ಗ್ರಾಮ ಆಡಳಿತಾಧಿಕಾರಿ (ಊರಲ್ಲಿ ಈಗಲೂ ವಿ.ಎ. ಅಂತಲೇ ಅನ್ನುತ್ತಾರೆ) ಮನೆಗೆ ಬಂದು, ಅಕ್ಕಪಕ್ಕದವರನ್ನು ಕೇಳಿ, ಮಹಜರು ಬರೆದುಕೊಂಡರು. ಪಕ್ಕದ ಮನೆಯ ಅಜ್ಜಿ ಸಾಕ್ಷಿ ಹೇಳುವ ಬದಲು ಅಪ್ಪನ ಗುಣಗಾನ ಮಾಡುತ್ತಾ ಕೂತರು. ಆಮೇಲೆ ಚುನಾವಣೆ ಬಂತು. ಎಲ್ಲರೂ ಚುನಾವಣೆ ಕೆಲಸಕ್ಕೆ ಹೋದರು, ನಮ್ಮ ಕಾಗದ ಅಲ್ಲೇ ಮಲಗಿತು. ಇಂಥ ಕೆಲಸ ಇದ್ದರೆ ಚುನಾವಣೆ, ಗಣತಿಯ ತಿಂಗಳುಗಳಲ್ಲಿ ಆಗುತ್ತದೆ ಅಂದುಕೊಳ್ಳಬೇಡಿ.

ಪತ್ರ ಬಂತು, ಕನ್ನಡದಲ್ಲಿ ಚೆಂದವಾಗಿ. ಅಪ್‌ಲೋಡ್ ಮಾಡುವ ಮುಂಚೆ ನಿಯಮ ಓದಿದೆ. ಪ್ರಾದೇಶಿಕ ಭಾಷೆಯ ಪತ್ರಗಳನ್ನು ಹಿಂದಿಗೋ ಇಂಗ್ಲಿಷಿಗೋ ಅನುವಾದಿಸಿ, ನೋಟರಿ ಮಾಡಿಸಿ ಹಾಕಬೇಕಂತೆ. ಕಚೇರಿ ಇರುವುದು ಬೆಂಗಳೂರಿನಲ್ಲಿ, ಕಾಗದ ಕೊಟ್ಟಿದ್ದು ಕರ್ನಾಟಕ ಸರ್ಕಾರ. ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ. ಕೋರ್ಟಿನ ಮುಂದೆ ಕೂತಿದ್ದ ಟೈಪಿಸ್ಟ್ ಅರ್ಧ ಗಂಟೆಯಲ್ಲಿ ಇಂಗ್ಲಿಷಿಗೆ ಮಾಡಿಕೊಟ್ಟರು, ಪಕ್ಕದಲ್ಲೇ ನೋಟರಿ ಇದ್ದರು. ಅನುವಾದವನ್ನು ಮಾತ್ರ ಅಲ್ಲ, ಮೂಲ ಕನ್ನಡ ಪತ್ರವನ್ನೂ ಅದೇ ಪಿಡಿಎಫ್‌ನಲ್ಲಿ ಸೇರಿಸಿ ಹಾಕಿ.

ಒಂದು ವಾರ ಕಳೆದ ಮೇಲೆ ಮೆಸೇಜು ಬಂತು. ಅರ್ಜಿ ತಿರಸ್ಕೃತ. ಹೆಸರು ಹೊಂದುತ್ತಿಲ್ಲ.

ನಮ್ಮ ಕಡೆಯವರಿಗೆ ಈ ಕಷ್ಟ ಹೇಳಿದರೆ ಕೂಡಲೇ ಅರ್ಥವಾಗುತ್ತದೆ. ಅಪ್ಪನ ಹೆಸರಿನ ಮುಂದೆ ಎರಡು ಇನಿಷಿಯಲ್. ಒಂದು ಊರಿನದು, ಒಂದು ಅಜ್ಜನದು. ಪ್ಯಾನ್‌ನಲ್ಲಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಲೇಬೇಕು. ಹಾಗಾಗಿ ಅಲ್ಲಿ ಊರಿನ ಹೆಸರು, ಅಜ್ಜನ ಹೆಸರು, ಅಪ್ಪನ ಹೆಸರು ಎಲ್ಲ ಉದ್ದಕ್ಕೆ ನಿಂತಿವೆ. ಆಧಾರ್‌ನಲ್ಲಿ ಬರೀ ಹೆಸರು. ಮರಣ ಪತ್ರದಲ್ಲಿ ಇನಿಷಿಯಲ್ ಸಮೇತ ಹೆಸರು. ಕುಟುಂಬ ಸದಸ್ಯರ ಪತ್ರದಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಹೋಗಿ ಕೂತಿತ್ತು. ನನಗೆ ಇವರೆಲ್ಲ ಒಬ್ಬರೇ. ದೂರದಲ್ಲಿ ಕೂತು ಪಿಡಿಎಫ್ ನೋಡುವವರಿಗೆ ಇವರು ನಾಲ್ಕು ಜನ. ಅವರ ಜಾಗದಲ್ಲಿ ನಾನಿದ್ದರೂ ತಿರಸ್ಕರಿಸುತ್ತಿದ್ದೆ ಅನ್ನಿಸಿತು. ಬೇಸರವಾಗಿದ್ದು ಬೇರೆ ವಿಷಯಕ್ಕೆ. ಹಳೇ ಕಚೇರಿಯಲ್ಲಾಗಿದ್ದರೆ ಯಾರೋ ಒಬ್ಬರು ತಲೆಯೆತ್ತಿ, "ಅಯ್ಯೋ ನಮ್ಮ ಮೇಷ್ಟ್ರು ಕಣ್ರೀ ಇವರು" ಅಂತ ಸಹಿ ಹಾಕುತ್ತಿದ್ದರು. ಹಾಗೆ ಮುಖ ನೋಡಿ ಮಾಡುತ್ತಿದ್ದ ಕೆಲಸದಿಂದ ಗುರುತಿಲ್ಲದವರಿಗೆ ಆಗುತ್ತಿದ್ದ ಅನ್ಯಾಯವೂ ಕಮ್ಮಿ ಇರಲಿಲ್ಲ, ಅದು ನಿಜ. ಆದರೆ ಈಗ ನಾವು ಯಾರು ಅಂತ ಹೇಳುವ ಕೆಲಸ ಪೂರ್ತಿ ಕಾಗದದ ಮೇಲೆ ಬಿದ್ದಿದೆ. ಕಾಗದಗಳು ತಮ್ಮ ತಮ್ಮಲ್ಲೇ ಒಪ್ಪದಿದ್ದರೆ ಮುಂದೆ ಏನೂ ಚಲಿಸುವುದಿಲ್ಲ.

ಪರಿಹಾರ ಸಿಕ್ಕಿದ್ದು ಅಫಿಡವಿಟ್‌ನಲ್ಲಿ. ಈ ಎಲ್ಲ ಹೆಸರುಗಳೂ ಒಬ್ಬರದೇ ಅಂತ, ಯಾವ ದಾಖಲೆಯಲ್ಲಿ ಯಾವ ಅಕ್ಷರದಲ್ಲಿ ಇದೆಯೋ ಹಾಗೇ ಸಾಲಾಗಿ ಬರೆಸಿ, ದಾಖಲೆ ನಂಬರ್ ಹಾಕಿಸಿ ನೋಟರಿ ಮಾಡಿಸಿದೆ. ಅದನ್ನು ಮರಣ ಪತ್ರದ ಪಿಡಿಎಫ್‌ಗೇ ಅಂಟಿಸಿದೆ. ಕಡ್ಡಾಯವಲ್ಲದಿದ್ದರೂ ಇಂಡೆಮ್ನಿಟಿ ಬಾಂಡನ್ನೂ ಈ ಸಲ ಹಾಕಿದೆ. ಛಾಪಾ ಕಾಗದ, ಟೈಪಿಂಗ್, ನೋಟರಿ, ಅನುವಾದ, ಊರಿಗೆ ಬಸ್ಸು, ಎಲ್ಲ ಕೂಡಿದರೆ ಎರಡು ಸಾವಿರ ದಾಟಿತ್ತು. ಜೂನ್ ಕೊನೆಗೆ ಒಪ್ಪಿಗೆ ಬಂತು. ಅಪ್ಪ ಅಮ್ಮ ಇನ್ನೂ ಗಟ್ಟಿಯಾಗಿದ್ದಾಗಲೇ ಒಂದು ಭಾನುವಾರ ಕೂತು ಅವರ ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಇದಕ್ಕೆ ದುಡ್ಡೇನೂ ಖರ್ಚಾಗಲ್ಲ.

ಲೀಗಲ್ ಹೇರ್ ಆಗಿ ಒಳಗೆ ಹೋದಾಗ ಕಂಡ ಮೊದಲ ವಿಷಯ, ಅಪ್ಪನ ಹೆಸರಲ್ಲಿ ಒಂದು ಹಳೇ ಬಾಕಿ. 2008-09ರ ಅಸೆಸ್‌ಮೆಂಟ್ ವರ್ಷದ್ದು, ಅಂದರೆ ಅದರ ಹಿಂದಿನ ಹಣಕಾಸು ವರ್ಷದ ಆದಾಯಕ್ಕೆ ಸೇರಿದ್ದು, ನಾಲ್ಕು ಸಾವಿರ ಚಿಲ್ಲರೆ. ಎದೆ ಧಸಕ್ ಅಂತು. ಇಂಥ ಬಾಕಿ ಇದ್ದರೆ 245ನೇ ಸೆಕ್ಷನ್ ಪ್ರಕಾರ ರಿಫಂಡ್‌ನಲ್ಲಿ ಮುರಿದುಕೊಳ್ಳಬಹುದು. ಕೆಳಗೆ ನೋಡಿದರೆ ಅದು ರದ್ದಾದ ಬಾಕಿಗಳ ಪಟ್ಟಿಯಲ್ಲಿತ್ತು. 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಇದನ್ನು ಘೋಷಿಸಿದ್ದರು. 2009-10ರ ಹಣಕಾಸು ವರ್ಷದವರೆಗಿನ 25 ಸಾವಿರದವರೆಗಿನ ಬಾಕಿ, 2010-11ರಿಂದ 2014-15ರವರೆಗಿನ 10 ಸಾವಿರದವರೆಗಿನ ಬಾಕಿ ಮನ್ನಾ, ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿಯಲ್ಲಿ. ಸುಮಾರು 1 ಕೋಟಿ ಜನಕ್ಕೆ ಅನುಕೂಲ ಅಂದಿದ್ದರು. ಅಪ್ಪ ಇದ್ದಿದ್ದರೆ "ನಾನು ಕಟ್ಟಬೇಕಾಗೇ ಇರಲಿಲ್ಲ, ಇವರೇನು ಮನ್ನಾ ಮಾಡೋದು" ಅಂತ ಜಗಳ ತೆಗೆಯುತ್ತಿದ್ದರು. ನಿಮ್ಮ ಮನೆಯ ಹಿರಿಯರ ಖಾತೆಯಲ್ಲೂ 'ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ಅನ್ನುವ ಜಾಗ ಒಮ್ಮೆ ನೋಡಿಬಿಡಿ.

ರಿಟರ್ನ್ ತುಂಬುವಾಗ ಗೊಂದಲ ಬಂದಿದ್ದು ಬಡ್ಡಿಯಲ್ಲಿ. ಅಪ್ಪ ಹೋಗಿದ್ದು ನವೆಂಬರ್‌ನಲ್ಲಿ. ಎಫ್‌ಡಿ ಅವರ ಹೆಸರಲ್ಲೇ ಮಾರ್ಚ್‌ವರೆಗೆ ಓಡಿತ್ತು. ಯಾರ ಪ್ಯಾನ್‌ಗೆ ಎಷ್ಟು ಟಿಡಿಎಸ್ ಜಮೆಯಾಗಿದೆ ಅಂತ ತೋರಿಸುವ 26ಎಎಸ್ ಪಟ್ಟಿಯಲ್ಲಿ ಇಡೀ ವರ್ಷದ ಬಡ್ಡಿ, ಇಡೀ ವರ್ಷದ ಟಿಡಿಎಸ್ ಅವರ ಪ್ಯಾನ್‌ಗೇ ಕೂತಿತ್ತು. ಆದರೆ ಅವರ ರಿಟರ್ನ್‌ಗೆ ಸೇರುವುದು ತೀರಿಕೊಂಡ ದಿನದವರೆಗಿನದ್ದು ಮಾತ್ರ, ಆಮೇಲಿನದು ವಾರಸುದಾರರ ಆದಾಯ. ಟಿಡಿಎಸ್ ಪೂರ್ತಿ ಕೇಳಿ, ಬಡ್ಡಿ ಅರ್ಧ ತೋರಿಸಿದರೆ ಸಿಪಿಸಿಯ ಲೆಕ್ಕದಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಬ್ಯಾಂಕಿನಿಂದ ದಿನಾಂಕವಾರು ಬಡ್ಡಿ ಪಟ್ಟಿ ತರಿಸಿಕೊಂಡು, ನವೆಂಬರ್‌ವರೆಗಿನ ಬಡ್ಡಿ, ಅದಕ್ಕೆ ತಕ್ಕ ಟಿಡಿಎಸ್ ಅಷ್ಟನ್ನೇ ಹಾಕಿದೆ. ಉಳಿದ ಟಿಡಿಎಸ್ ವಾರಸುದಾರರ ಪ್ಯಾನ್‌ಗೆ ಬರಬೇಕಾದರೆ ಬ್ಯಾಂಕಿಗೆ ಆಗಿನ 37ಬಿಎ ನಿಯಮದಡಿ ಬರೆದುಕೊಡಬೇಕಿತ್ತು. ಅದು ಇನ್ನೂ ಸಣ್ಣ ಮೊತ್ತ, ಅದನ್ನು ಮಾತ್ರ ಬಿಟ್ಟುಬಿಟ್ಟೆ. ಹಠಕ್ಕೂ ಒಂದು ಮಿತಿ ಇರಬೇಕಲ್ವಾ. ಅಪ್ಪ ತೀರಿಕೊಂಡರು ಅಂತ ಗೊತ್ತಾದ ಕೂಡಲೇ ಎಫ್‌ಡಿಗಳನ್ನು ನಾಮಿನಿ ಹೆಸರಿಗೆ ಮಾಡಿಸಿಕೊಂಡರೆ ಈ ತೊಡಕು ಅಷ್ಟಕ್ಕೇ ನಿಲ್ಲುತ್ತದೆ.

ಬ್ಯಾಂಕ್ ಖಾತೆ ಇನ್ನೊಂದು ಗಂಟು. ರಿಫಂಡ್ ಬರುವುದು ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆದ ಖಾತೆಗೆ ಮಾತ್ರ. ಅಪ್ಪನ ಪೆನ್ಶನ್ ಖಾತೆ ಅಮ್ಮನ ಜೊತೆ ಜಂಟಿಯಾಗಿತ್ತು. ಸಾವಿನ ವಿಷಯ ಬ್ಯಾಂಕಿಗೆ ತಿಳಿಸಿದ ಮೇಲೆ, ಅವರ ಹೆಸರನ್ನು ಈಗಲೇ ತೆಗೆಯಬೇಡಿ, ಒಂದು ರಿಫಂಡ್ ಬರಬೇಕಿದೆ ಅಂತ ಬರೆದುಕೊಟ್ಟೆವು. ನಮ್ಮ ಶಾಖೆಯವರು ಒಪ್ಪಿದರು. ಎಲ್ಲ ಬ್ಯಾಂಕಿನವರೂ ಒಪ್ಪಬೇಕು ಅಂತೇನಿಲ್ಲ, ಹೆಸರು ತೆಗೆಸುವ ಮುಂಚೆ ಕೇಳಿಕೊಳ್ಳಿ.

ಅಪ್ಪನ ಪ್ರೊಫೈಲ್‌ನಲ್ಲಿ ಇದ್ದ ಫೋನು, ಇಮೇಲು ಎರಡೂ ಅವರ ಹಳೇ ಟ್ಯಾಕ್ಸ್ ಪ್ರಾಕ್ಟೀಷನರ್‌ದು. ಆ ಪುಣ್ಯಾತ್ಮ ಊರು ಬಿಟ್ಟು ವರ್ಷಗಳಾಗಿದ್ದವು. ಹಾಗಾಗಿ ಐಟಿಆರ್ ಫಾರಂನಲ್ಲಿ ಕೇಳುವ ಜಾಗದಲ್ಲಿ ನನ್ನ ನಂಬರ್, ನನ್ನ ಇಮೇಲ್ ಹಾಕಿದೆ. ಮುಂದೆ ಬಂದ ಮೆಸೇಜುಗಳು ನನಗೆ ಸಿಕ್ಕಿದ್ದು ಅದರಿಂದಲೇ. ದೃಢೀಕರಣ ನನ್ನ ಆಧಾರ್ ಓಟಿಪಿಯಲ್ಲಿ ಆಯಿತು. ಅಂಚೆಗೆ ಹಾಕುವ ಕೆಲಸ ತಪ್ಪಿತು.

ಆಮೇಲೆ ಕಾಯುವುದು. ನನ್ನ ಸ್ವಂತ ರಿಟರ್ನ್ ಆಗಸ್ಟ್ ಮೊದಲ ವಾರದಲ್ಲೇ ಪ್ರೊಸೆಸ್ ಆಗಿ ದುಡ್ಡೂ ಬಂತು. ಅಪ್ಪನದು ಮಾತ್ರ ಅಲ್ಲಾಡಲಿಲ್ಲ. 2019ರಲ್ಲಿ ಸಿಪಿಸಿಯ ಹೊಸ ವ್ಯವಸ್ಥೆಗೆ 4,242 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ, 63 ದಿನ ಹಿಡಿಯುತ್ತಿದ್ದ ಪ್ರೊಸೆಸಿಂಗ್ 1 ದಿನಕ್ಕೆ ಇಳಿಯುತ್ತದೆ ಅಂದಿದ್ದರು. ಸುಮಾರು ಜನಕ್ಕೆ ಇಳಿದಿದೆ ಕೂಡ. ಕಾನೂನಿನ ಗಡುವು ಮಾತ್ರ ದೊಡ್ಡದು: ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳು. ಇದು ತಿಳಿದ ಮೇಲೆ ದಿನಾ ನೋಡುವ ಚಾಳಿ ಕಮ್ಮಿಯಾಯಿತು.

ತಮ್ಮನ ಹತ್ತಿರ ಗೋಳು ಹೇಳಿಕೊಂಡರೆ ಅವನು ಅವನ ಕತೆ ತೆಗೆದ. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಒಂದು ಕಾಲದಲ್ಲಿ ಇಂಥ 10 ಕೇಂದ್ರಗಳಿದ್ದವಂತೆ. ಆನ್‌ಲೈನ್ ರಿಟರ್ನ್ ಜಾಸ್ತಿಯಾದ ಹಾಗೆ ಬ್ರೂಕ್‌ಹೇವನ್, ಫಿಲಡೆಲ್ಫಿಯಾ, ಆಂಡೋವರ್, ಅಟ್ಲಾಂಟಾ ಅಂತ ಒಂದೊಂದೇ ಕಡೆ ಕಾಗದ ಬಿಡಿಸುವ ಕೆಲಸ ನಿಂತಿತು. 2019ರಲ್ಲಿ ಕೆಂಟಕಿಯ ಕೊವಿಂಗ್‌ಟನ್, 2021ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ. ಅವನ ಹೆಂಡತಿ ಎಚ್-4 ವೀಸಾದಲ್ಲಿ ಹೋದಾಗ ನಮ್ಮ ಪ್ಯಾನ್ ಥರದ ಐಟಿಐಎನ್ ಅನ್ನುವ ತೆರಿಗೆ ನಂಬರಿಗೆ ಡಬ್ಲ್ಯು-7 ಫಾರಂ ಹಾಕಬೇಕಿತ್ತು. ಅದರ ಜೊತೆ ರಿಟರ್ನ್ ಕಾಗದದಲ್ಲೇ ಹೋಗಬೇಕು, ಆಸ್ಟಿನ್‌ಗೆ. ಒರಿಜಿನಲ್ ಪಾಸ್‌ಪೋರ್ಟ್ ಲಕೋಟೆಯಲ್ಲಿ ಹಾಕಿ ಕಳಿಸಿ, ಅದು ವಾಪಸ್ ಬರುವವರೆಗೆ ಇಬ್ಬರೂ ನಿದ್ದೆಗೆಟ್ಟರಂತೆ. "ಅಕ್ಕ, ನಿನ್ನದು ಪಿಡಿಎಫ್ ತಾನೇ ಹೋಗಿದ್ದು, ಸುಮ್ನಿರು" ಅಂದ.

ದೀಪಾವಳಿಯ ಹಿಂದಿನ ವಾರ 143(1)ರ ಇಂಟಿಮೇಶನ್, ಅಂದರೆ ರಿಟರ್ನ್ ಲೆಕ್ಕ ನೋಡಿ ಸಿಪಿಸಿ ಕಳಿಸುವ ತಿಳಿವಳಿಕೆ ಪತ್ರ ಬಂತು. ಆ ಪಿಡಿಎಫ್ ತೆರೆಯಲು ಪಾಸ್‌ವರ್ಡ್ ಬೇಕು: ಪ್ಯಾನ್ ಸಣ್ಣಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ದಿನಾಂಕ. ಲೀಗಲ್ ಹೇರ್ ಅಂತ ನಮ್ಮದು ಹಾಕಿದರೆ ತೆರೆಯಲ್ಲ, ತೀರಿಕೊಂಡವರದೇ ಹಾಕಬೇಕು. ಅಪ್ಪನದು ದಾಖಲೆಯಲ್ಲಿ ಜೂನ್ 1. ಅವರು ಹುಟ್ಟಿದ್ದು ಯುಗಾದಿಯ ಆಸುಪಾಸು ಅಂತ ಅಜ್ಜಿ ಹೇಳುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಯಾರೋ ಜೂನ್ 1 ಬರೆದರು. ಮುಂದೆ ಅಪ್ಪನೂ ಮೇಷ್ಟ್ರಾಗಿ ಊರಿನ ಅರ್ಧ ಮಕ್ಕಳಿಗೆ ಜೂನ್ 1 ಬರೆದರು. ಆ ದಿನ ನಾವು ಯಾವತ್ತೂ ಅವರ ಹುಟ್ಟುಹಬ್ಬ ಮಾಡಿದವರಲ್ಲ. 0106 ಅಂತ ಒತ್ತುವಾಗ ಬೆರಳು ಒಂದು ಕ್ಷಣ ನಿಂತಿತು, ಯಾಕೋ ಆಗ ಅಳು ಬಂತು.

ಲೆಕ್ಕ ನಾವು ಹಾಕಿದ ಹಾಗೇ ಇತ್ತು. ಏಪ್ರಿಲ್‌ನಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಲೆಕ್ಕದಲ್ಲಿ, ರಿಫಂಡ್ ಮೇಲೆ ಇಲಾಖೆ ಕೊಡುವ 244ಎ ಬಡ್ಡಿಯೂ ಸೇರಿತ್ತು. ಈ ಬಡ್ಡಿಗೆ ತೆರಿಗೆ ಇದೆ, ಮರೆಯಬೇಡಿ. ಹಬ್ಬ ಕಳೆದ ಮೇಲೆ ದುಡ್ಡು ಖಾತೆಗೆ ಬಿತ್ತು. ಅಮ್ಮನಿಗೆ ಫೋನ್ ಮಾಡಿದರೆ, "ಎಷ್ಟು ಬಂತು?" ಅಂತ ಕೇಳಿ, "ನೀನು ಖರ್ಚು ಮಾಡಿದ್ದು ಹಿಡ್ಕೋ ಮೊದಲು" ಅಂದರು.

ಇನ್ನು ಉಳಿದಿರುವುದು ಪ್ಯಾನ್ ಒಪ್ಪಿಸುವುದು. ಕಡ್ಡಾಯ ಅಲ್ಲ, ಆದರೆ ಬೇರೆ ಯಾರೂ ಬಳಸದ ಹಾಗೆ ಮಾಡಿಬಿಡುವುದು ವಾಸಿ. ರಿಫಂಡ್ ಬಂದು, ಎಫ್‌ಡಿ ಎಲ್ಲ ಇತ್ಯರ್ಥವಾಗುವವರೆಗೆ ಮಾತ್ರ ಇದಕ್ಕೆ ಕೈ ಹಾಕಬೇಡಿ. ಇದು ಸಿಪಿಸಿಗೆ ಹೋಗುವ ಅರ್ಜಿಯಲ್ಲ. ಮರಣ ಪತ್ರದ ಪ್ರತಿ ಇಟ್ಟು, ಅಪ್ಪನ ವಾರ್ಡಿನ ತೆರಿಗೆ ಅಧಿಕಾರಿಗೆ, ಅಂದರೆ ಅಸೆಸಿಂಗ್ ಆಫೀಸರ್‌ಗೆ (ಎಒ) ಕಾಗದದಲ್ಲೇ ಪತ್ರ ಕೊಡಬೇಕು. ಯಾವ ಆಫೀಸರ್ ಅಂತ ಪೋರ್ಟಲ್‌ನಲ್ಲಿ 'ನೋ ಯುವರ್ ಎಒ' ಅಂತ ಹುಡುಕಿದರೆ ಸಿಗುತ್ತದೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.